ಕಿಸೆಯ ಕೋಶದಲ್ಲಿ ಯಾರ ಮಾತಿರಬೇಕು?



ಇವತ್ತು ನಾನು ಮಾತಾಡಬೇಕೆಂದಿರುವುದು ಸಮಾನಾರ್ಥಕ ಪದಕೋಶದ ಬಗ್ಗೆ. ಅದರಲ್ಲೂ ಕಿಸೆಯಲ್ಲಿ ಹಿಡಿಸುವಂಥ ಸಣ್ಣ ಕೋಶದ ಬಗ್ಗೆ. ನಾವು ದಿನಬಳಕೆಯಲ್ಲಿ ನಿಘಂಟು ಎನ್ನುವುದು ಪದದಿಂದ ಅರ್ಥಕ್ಕೆ ಕರೆದೊಯ್ಯುವ ಪುಸ್ತಕ. ಓದುವವರಿಗೆ ಅದು ಬೇಕು. ಬರೆಯುವವರ ಕಷ್ಟ ಇದಕ್ಕೆ ತಿರುಗುಮುರುಗು. ಹೇಳಬೇಕಾದದ್ದು ಮನಸ್ಸಿನಲ್ಲಿದೆ, ನಾಲಿಗೆಯ ತುದಿಗೂ ಬಂದಿದೆ, ಹಾಳೆಯ ಮೇಲೆ ಮಾತ್ರ ಇಳಿಯುತ್ತಿಲ್ಲ. ಆಗ ಬೇಕಾಗುವುದು ಅರ್ಥದಿಂದ ಪದಕ್ಕೆ ದಾರಿ ತೋರಿಸುವ ಪುಸ್ತಕ. ಕವಿಗಳಿಗಷ್ಟೇ ಇದರ ಅಗತ್ಯ ಎಂದುಕೊಳ್ಳುವುದು ತಪ್ಪು. ತಹಸೀಲ್ದಾರರಿಗೆ ಅರ್ಜಿ ಬರೆಯುವ ರೈತ, ತಾಲ್ಲೂಕಿನ ಸುದ್ದಿ ಕಳಿಸುವ ವರದಿಗಾರ, ಗ್ರಾಮಸಭೆಯ ಠರಾವು ಬರೆಯುವ ಕಾರ್ಯದರ್ಶಿ, ಪ್ರಬಂಧ ಬರೆಯುವ ಹತ್ತನೆಯ ಇಯತ್ತೆಯ ಹುಡುಗಿ, ಇವರೆಲ್ಲ ದಿನವೂ ಒಂದಲ್ಲ ಒಂದು ಮಾತಿಗಾಗಿ ತಡಕಾಡುತ್ತಾರೆ. ಇಂಥ ಕೋಶ ಹೊಸ ಮಾತನ್ನು ಕಲಿಸುವುದಿಲ್ಲ, ಮರೆತದ್ದನ್ನು ನೆನಪಿಗೆ ತರುತ್ತದೆ ಎಂಬುದು ನನ್ನ ವಾದದ ತಿರುಳು. ನೆನಪಿಸುವುದೇ ಅದರ ಕೆಲಸವಾದರೆ, ಅದು ಯಾರ ನೆನಪಿನಲ್ಲಿರುವ ಮಾತುಗಳನ್ನು ಒಳಗೆ ಸೇರಿಸಿಕೊಂಡಿದೆ ಎಂಬ ಪ್ರಶ್ನೆ ಉಳಿದ ಎಲ್ಲ ಪ್ರಶ್ನೆಗಳಿಗಿಂತ ಮುಂಚಿನದು. ಸೇಡಂ ಸೀಮೆಯವರು ಆ ಪ್ರಶ್ನೆಯನ್ನು ಕೇಳಲೇಬೇಕು. ಕೇಳುವ ಹಕ್ಕೂ ಈ ಸೀಮೆಗೆ ವಿಶೇಷವಾಗಿ ಇದೆ.

ಹಕ್ಕು ಎಂದದ್ದಕ್ಕೆ ಕಾರಣ ಮಳಖೇಡ. ಕಾಗಿಣಾ ದಂಡೆಯ ಈ ಊರು ರಾಷ್ಟ್ರಕೂಟರ ಮಾನ್ಯಖೇಟವಾಗಿತ್ತು, ಕ್ರಿ.ಶ. 850ರ ಸುಮಾರಿಗೆ ಅಮೋಘವರ್ಷ ನೃಪತುಂಗನ ಸಮ್ಮತಿಯೊಡನೆ ಶ್ರೀವಿಜಯ ಕವಿರಾಜಮಾರ್ಗವನ್ನು ರಚಿಸಿದ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಸಮಾನಾರ್ಥಕ ಕೋಶಗಳ ಚರಿತ್ರೆಯಲ್ಲಿ ಮಳಖೇಡಕ್ಕಿರುವ ಜಾಗ ಮಾತ್ರ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಹತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಮುಮ್ಮಡಿ ಕೃಷ್ಣನ ಆಶ್ರಯದಲ್ಲಿದ್ದ ಹಲಾಯುಧ ಎಂಬ ಪಂಡಿತ ಕವಿರಹಸ್ಯ ಎಂಬ ಗ್ರಂಥವನ್ನು ಬರೆದ. ನೋಡಲು ಅದು ರಾಜಸ್ತುತಿ. ಒಳಗೆ ನೋಡಿದರೆ ಒಂದರಂತೆ ಒಂದು ಕಾಣುವ ಸಂಸ್ಕೃತ ಧಾತುಗಳ ರೂಪಗಳನ್ನು ಬಿಡಿಸಿ ತೋರಿಸುವ ಪಾಠ. ಇದೇ ಹಲಾಯುಧನ ಇನ್ನೊಂದು ಕೃತಿ ಅಭಿಧಾನರತ್ನಮಾಲೆ. ಅದು ನೇರವಾಗಿಯೇ ಪರ್ಯಾಯಪದಗಳ ಕೋಶ. ನಾಗವರ್ಮನ ಹೆಸರಿನ ಕನ್ನಡ ಟೀಕೆ ಅದಕ್ಕೆ ಇದೆ, ಅಂದರೆ ಕನ್ನಡದ ಓದುಗರು ಅದನ್ನು ಮುಂದೆಯೂ ಕೈಯಲ್ಲಿ ಹಿಡಿದೇ ಇದ್ದರು. ಕೃಷ್ಣನ ಕಾಲ ಮುಗಿದ ಮೇಲೆ ಹಲಾಯುಧ ಮಾಳವದ ಮುಂಜರಾಜನ ಆಸ್ಥಾನಕ್ಕೆ ಹೋದ.

ಅದೇ ಮಾಳವದಿಂದ ಇನ್ನೊಂದು ಕೋಶದ ಕಥೆ ಬರುತ್ತದೆ, ಅದು ಮಳಖೇಡಕ್ಕೆ ನೋವಿನ ಕಥೆ. 972ರಲ್ಲಿ ಪರಮಾರ ಸೀಯಕ ಮಾನ್ಯಖೇಟವನ್ನು ಸೂರೆ ಮಾಡಿದ. ಆ ಸೂರೆಯ ಕಾಲವನ್ನು ಗೊತ್ತುಮಾಡಲು ಇತಿಹಾಸಕಾರರು ನೆಚ್ಚುವ ಆಧಾರಗಳಲ್ಲಿ ಒಂದು ಧಾರಾನಗರದ ಧನಪಾಲ ಬರೆದ ಪಾಇಯಲಚ್ಛೀ ನಾಮಮಾಲಾ. ಮಾಳವದವರು ಮಾನ್ಯಖೇಟವನ್ನು ಲೂಟಿ ಮಾಡಿದ ವರ್ಷದಲ್ಲಿ, ತನ್ನ ತಂಗಿ ಸುಂದರಿಗಾಗಿ ಈ ಪುಸ್ತಕ ಬರೆದೆ ಎಂದು ಅವನು ಕೊನೆಯಲ್ಲಿ ಹೇಳಿಕೊಳ್ಳುತ್ತಾನೆ. ಅದು ಪ್ರಾಕೃತದ ಪರ್ಯಾಯಪದಗಳ ಸಣ್ಣ ಕೋಶ: 279 ಗಾಥೆಗಳು, ಸಾವಿರಕ್ಕೆ ಎರಡು ಕಡಿಮೆ ಪದಗಳು. ಈ ನೆಲದ ರಾಜಧಾನಿ ಸುಟ್ಟ ವರ್ಷ ನಮಗೆ ತಿಳಿಯುವುದು ಒಬ್ಬ ಅಣ್ಣ ತಂಗಿಗೆ ಕಟ್ಟಿಕೊಟ್ಟ ಪದಕೋಶದಿಂದ. ನನಗೆ ಇದರಲ್ಲಿ ಎರಡು ಸಂಗತಿ ಮುಖ್ಯವಾಗಿ ಕಾಣುತ್ತವೆ. ಸಣ್ಣ ಕೋಶ ಎಂಬ ಕಲ್ಪನೆ ಹೊರಗಿನಿಂದ ಬಂದದ್ದಲ್ಲ. ಸಾವಿರ ವರ್ಷದ ಹಿಂದೆಯೇ ಒಬ್ಬ ಕಲಿಯುವ ಹೆಣ್ಣುಮಗಳ ಕೈಗೆ ಹೊಂದುವ ಅಳತೆಯಲ್ಲಿ ಅದು ಇತ್ತು. ಎರಡನೆಯದು, ಧನಪಾಲ ತನ್ನ ಸಾವಿರ ಪದಗಳಲ್ಲಿ ಸಂಸ್ಕೃತದಿಂದ ಹುಟ್ಟಿದವನ್ನಷ್ಟೇ ಇಡಲಿಲ್ಲ, ಜನ ಆಡುತ್ತಿದ್ದ ದೇಶಿ ಮಾತುಗಳಿಗೂ ಜಾಗ ಕೊಟ್ಟ. ಪುಸ್ತಕ ಸಣ್ಣದು ಎಂಬ ನೆಪ ಹೇಳಿ ಅವನ್ನು ಬಿಡಲಿಲ್ಲ.

ಇಂಥ ಪುಸ್ತಕಗಳನ್ನು ಆಗಿನವರು ಹೇಗೆ ಬಳಸುತ್ತಿದ್ದರು? ಬಾಯಿಪಾಠ ಮಾಡಿ. ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯೆಯ ಕೇಂದ್ರ, ಇತ್ತು. ಅಲ್ಲಿನ 1058ರ ಶಾಸನ ಆರು ಮಂದಿ ಸರಸ್ವತೀ ಭಂಡಾರಿಗರನ್ನು, ಅಂದರೆ ಗ್ರಂಥಪಾಲಕರನ್ನು, ಹೆಸರಿಸುತ್ತದೆ. ಓಲೆಗಳು ಭಂಡಾರದಲ್ಲಿದ್ದವು. ಕೋಶ ಮಾತ್ರ ವಿದ್ಯಾರ್ಥಿಯ ಬಾಯಲ್ಲಿರಬೇಕಿತ್ತು, ಏಕೆಂದರೆ ಪದ ಬೇಕಾಗುವ ಗಳಿಗೆಯಲ್ಲಿ ಭಂಡಾರದ ಬಾಗಿಲು ತೆರೆಸಿಕೊಂಡು ಕೂಡಲಾಗುವುದಿಲ್ಲ. ಅಮರಸಿಂಹನ ಸಂಸ್ಕೃತ ಪರ್ಯಾಯಪದಕೋಶವಾದ ಅಮರಕೋಶ ಛಂದಸ್ಸಿನಲ್ಲಿ ಇರುವುದು ಇದಕ್ಕೇ. ಅದರ ಜೋಡಣೆಯನ್ನು ಗಮನಿಸಿ. ಅಕಾರಾದಿಯಲ್ಲ; ಮೊದಲ ಕಾಂಡದಲ್ಲಿ ಸ್ವರ್ಗ, ದಿಕ್ಕು, ಕಾಲ; ಎರಡನೆಯದರಲ್ಲಿ ಭೂಮಿ, ಊರು, ಬೆಟ್ಟ, ಗಿಡಮರ, ಮನುಷ್ಯ, ಅವನ ಕಸುಬು; ಮೂರನೆಯದರಲ್ಲಿ ವಿಶೇಷಣಗಳು, ನಾನಾರ್ಥಗಳು, ಅವ್ಯಯಗಳು. ಬೇಕಾದ ಪದ ಲೋಕದಲ್ಲಿ ಎಲ್ಲಿ ಇರುತ್ತದೋ ಪುಸ್ತಕದಲ್ಲೂ ಅಲ್ಲೇ ಸಿಗುತ್ತದೆ. ಇನ್ನೂ ದೊಡ್ಡ ಸಂಗತಿ ಎಂದರೆ ಅಮರಸಿಂಹ ಪರ್ಯಾಯಗಳನ್ನು ಸಾಲಾಗಿ ಸುರಿದು ಸುಮ್ಮನಾಗುವುದಿಲ್ಲ. ಭೂಮಿಯ ಹೆಸರುಗಳನ್ನು ಹೇಳಿದ ಕೂಡಲೆ ಭೇದಗಳನ್ನು ಹೇಳುತ್ತಾನೆ: ಎಲ್ಲ ಬೆಳೆಯುವ ನೆಲ ಉರ್ವರಾ, ಸವುಳು ನೆಲ ಊಷರ, ಹೊಳೆಯ ನೀರಿನಿಂದ ಬೆಳೆಯುವ ದೇಶ ನದೀಮಾತೃಕ, ಮಳೆಯನ್ನೇ ನಂಬಿದ ದೇಶ ದೇವಮಾತೃಕ. ಒಂದೇ ಎಂದು ತೋರುವ ಮಾತುಗಳ ಪಕ್ಕದಲ್ಲೇ ಅವು ಯಾವ ಯಾವ ಕಡೆಗೆ ಬೇರೆ ಎಂಬುದನ್ನೂ ಅವನು ನೆನಪಿಗೆ ತರುತ್ತಾನೆ. ಸೇಡಂ, ಚಿತ್ತಾಪುರಗಳ ತೊಗರಿ ಹೊಲಗಳಿಗೆ ದೇವಮಾತೃಕ ಎಂಬುದಕ್ಕಿಂತ ಸರಿಯಾದ ವರ್ಣನೆ ಇಲ್ಲ, ಆದರೂ ಆ ಮಾತನ್ನು ಇಲ್ಲಿ ಯಾರೂ ಆಡುವುದಿಲ್ಲ. ಇಲ್ಲಿನವರು ಎರಿ ಎನ್ನುತ್ತಾರೆ, ಮಸಾರಿ ಎನ್ನುತ್ತಾರೆ, ಮಡ್ಡಿ ಎನ್ನುತ್ತಾರೆ; ಈ ಮೂರು ಮಾತುಗಳಲ್ಲಿ ಮಣ್ಣಿನ ಬಣ್ಣ, ಆಳ, ನೀರು ಹಿಡಿಯುವ ಗುಣ, ಹೊಲದ ಬೆಲೆ ಎಲ್ಲ ಬಂತು. ಅಮರಸಿಂಹನ ಭೂಮಿವರ್ಗ ಇಲ್ಲಿ ಇನ್ನೂ ಜೀವಂತವಾಗಿದೆ. ಕನ್ನಡದಲ್ಲಿ ಅದನ್ನು ಬರೆದಿಟ್ಟುಕೊಂಡಿಲ್ಲ, ಅಷ್ಟೇ.

ಹೋಲಿಕೆಗಾಗಿ ಇಂಗ್ಲಿಷಿನ ಪ್ರಸಿದ್ಧ ಕೋಶವನ್ನು ನೋಡೋಣ. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ 1805ರಲ್ಲಿ ತನ್ನ ಬರವಣಿಗೆಗೆ ನೆರವಾಗಲೆಂದು ಪದಗಳ ಒಂದು ಸಣ್ಣ ವರ್ಗೀಕೃತ ಪಟ್ಟಿ ಮಾಡಿಕೊಂಡ. ಸುಮಾರು ಐವತ್ತು ವರ್ಷ ಅದು ಅವನ ಸ್ವಂತ ಬಳಕೆಯಲ್ಲೇ ಇದ್ದು 1852ರಲ್ಲಿ ಸಾವಿರ ಶೀರ್ಷಿಕೆಗಳ ಥಿಸಾರಸ್ ಆಗಿ ಅಚ್ಚಾಯಿತು. ತನ್ನ ಮುನ್ನುಡಿಯಲ್ಲಿ ಅವನು ಹಿಂದಿನ ಪ್ರಯತ್ನಗಳನ್ನು ನೆನೆಯುವಾಗ ಎಲ್ಲಕ್ಕಿಂತ ಹಳೆಯದೆಂದು ಹೆಸರಿಸುವುದು ಅಮರಕೋಶವನ್ನೇ. ಕೋಲ್‌ಬ್ರೂಕ್ ಮಾಡಿದ ಅದರ ಇಂಗ್ಲಿಷ್ ಆವೃತ್ತಿ 1808ರಲ್ಲಿ ಸೆರಾಂಪುರದಲ್ಲಿ ಅಚ್ಚಾಗಿತ್ತು. ಆದರೆ ಅದರ ವರ್ಗೀಕರಣ ಅಸ್ತವ್ಯಸ್ತ, ಅದರಲ್ಲೂ ಅಮೂರ್ತ ಭಾವನೆಗಳು ಮತ್ತು ಮನೋವ್ಯಾಪಾರಗಳ ವಿಷಯದಲ್ಲಿ ಬಹಳ ಅಪೂರ್ಣ ಎಂದು ರೋಜೆ ತೀರ್ಪು ಕೊಟ್ಟ. ಅರ್ಧ ತೀರ್ಪು ಸರಿ. ಸಂದೇಹ, ಒಪ್ಪಿಗೆ, ಹಿಂಜರಿಕೆ, ಹಟ ಇವುಗಳ ನಡುವೆ ಪದ ಹುಡುಕುವವನಿಗೆ ಅಮರಸಿಂಹ ಹೆಚ್ಚು ನೆರವಾಗುವುದಿಲ್ಲ, ರೋಜೆ ಆಗುತ್ತಾನೆ. ಇನ್ನರ್ಧ ಸರಿಯಲ್ಲ. ರೋಜೆಯ ಸಾವಿರ ಶೀರ್ಷಿಕೆಗಳಲ್ಲಿ ವಸ್ತುಗಳು ಭಾವನೆಗಳ ಕೆಳಗೆ ಹಂಚಿಹೋಗುತ್ತವೆ. ಕಮ್ಮಾರನ ಮಾತೆಲ್ಲ ಒಂದು ಕಡೆ, ಒಕ್ಕಲಿಗನ ಮಾತೆಲ್ಲ ಒಂದು ಕಡೆ ಸಿಗುವುದಿಲ್ಲ. ಅಮರಕೋಶದ ಕ್ರಮದಲ್ಲಿ ಸಿಗುತ್ತವೆ. ಕನ್ನಡಕ್ಕೆ ಬೇಕಾದ ಸಣ್ಣ ಕೋಶ ವಸ್ತುಗಳಿಗೆ ಅಮರಸಿಂಹನ ಕ್ರಮವನ್ನು, ಮನಸ್ಸಿನ ವ್ಯವಹಾರಗಳಿಗೆ ರೋಜೆಯ ಕ್ರಮವನ್ನು ಹಿಡಿಯುವುದು ಲೇಸು.

ಕನ್ನಡದಲ್ಲಿ ಕೋಶಗಳಿಗೇನೂ ಬರವಿರಲಿಲ್ಲ. ನಾಗವರ್ಮನ ಅಭಿಧಾನವಸ್ತುಕೋಶದಿಂದ ಹದಿನಾರನೆಯ ಶತಮಾನದ ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿಯವರೆಗೆ ಪದ್ಯರೂಪದ ನಿಘಂಟುಗಳ ಸಾಲೇ ಇದೆ. ಕೈಪಿಡಿ ಎಂಬ ಹೆಸರೇ ಹೇಳುವಂತೆ ಅದು ಕೈಯಲ್ಲಿ ಹಿಡಿಯುವ ಪುಸ್ತಕ. ಆದರೆ ಇವು ಹರಿಯುವ ದಿಕ್ಕನ್ನು ನೋಡಬೇಕು. ಸಂಸ್ಕೃತ ಪದಕ್ಕೆ ಕನ್ನಡ ಅರ್ಥ, ಹಳಗನ್ನಡ ಪದಕ್ಕೆ ತಿಳಿಗನ್ನಡ ಅರ್ಥ: ಕಾವ್ಯ ಓದುವವನಿಗೆ ತೊಡಕು ಬಾರದಿರಲಿ ಎಂಬ ಉದ್ದೇಶ. 1894ರ ಕಿಟೆಲ್ ನಿಘಂಟು, ಆಮೇಲೆ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ತಂದ ಬೃಹತ್ ನಿಘಂಟು, ಎರಡೂ ಅಕಾರಾದಿಯವು, ಎರಡೂ ಓದುಗನ ಪರ. ಎರಡನ್ನೂ ನಾನು ಗೌರವದಿಂದ ಕಾಣುತ್ತೇನೆ. ಆದರೆ ಹಾಳೆಯ ಮುಂದೆ ಕೂತು ಮಾತಿಗಾಗಿ ಕಾಯುತ್ತಿರುವವನಿಗೆ ಅವು ಹೇಳುವುದು ಒಂದೇ: ಮೊದಲು ಪದ ತಾ, ಆಮೇಲೆ ಅರ್ಥ ಹೇಳುತ್ತೇನೆ.

ಹೊಂದುವ ಮಾತು ಎಂದರೆ ಏನು ಎಂಬುದನ್ನು ಈಗ ಉದಾಹರಣೆಯಲ್ಲೇ ನೋಡಬೇಕು. ಕಚೇರಿಗೆ ಕೊಡುವ ಕಾಗದಕ್ಕೆ ಕನ್ನಡದಲ್ಲಿ ಎಷ್ಟು ಹೆಸರು! ಅರ್ಜಿ, ಮನವಿ, ವಿನಂತಿ, ಬಿನ್ನಹ, ಅಹವಾಲು, ದೂರು, ಫಿರ್ಯಾದಿ, ತಕರಾರು, ಬೇಡಿಕೆ, ಹಕ್ಕೊತ್ತಾಯ. ಪಟ್ಟಿಯಲ್ಲಿ ಇವು ಒಂದರ ಪಕ್ಕ ಒಂದು ಕೂರುತ್ತವೆ, ಕಚೇರಿಯಲ್ಲಿ ಕೂರುವುದಿಲ್ಲ. ಅರ್ಜಿಗೆ ನಮೂನೆ ಇದೆ, ಅದನ್ನು ತುಂಬಿ ಕೊಟ್ಟವನಿಗೆ ಇಷ್ಟು ದಿನದಲ್ಲಿ ಉತ್ತರ ಕೊಡಿ ಎನ್ನಲು ಬರುತ್ತದೆ. ಮನವಿ ಕೈಜೋಡಿಸಿ ಕೊಡುವಂಥದು; ಸ್ವೀಕರಿಸಿದವರು ಪರಿಶೀಲಿಸುತ್ತೇವೆ ಎಂದರೆ ಅಲ್ಲಿಗೆ ಮುಗಿಯಿತು. ಅಹವಾಲಿನಲ್ಲಿ ಕಷ್ಟದ ವಿವರ ಇರುತ್ತದೆ, ಯಾರನ್ನೂ ಬೊಟ್ಟುಮಾಡಿ ತೋರಿಸಬೇಕಾಗಿಲ್ಲ. ದೂರಿಗೆ ಎದುರಾಳಿ ಬೇಕು. ಫಿರ್ಯಾದಿ ಠಾಣೆಯ, ಕೋರ್ಟಿನ ಮಾತು. ತಕರಾರು ಎಂದರೆ ಇನ್ನೊಬ್ಬರು ಈಗಾಗಲೇ ಹಾಕಿದ್ದಕ್ಕೆ ಒಡ್ಡುವ ಅಡ್ಡಿ. ಪಹಣಿಯಲ್ಲಿ ಹೆಸರು ಬದಲಾಗುವ ಹೊತ್ತಿಗೆ ತಕರಾರು ಹಾಕಬೇಕಾದವನು ಮನವಿ ಕೊಟ್ಟರೆ ಹೊಲವನ್ನೇ ಕಳೆದುಕೊಂಡಾನು. ಇವುಗಳಲ್ಲಿ ಎಷ್ಟೋ ಮಾತು ನಿಜಾಮರ ಆಡಳಿತದಿಂದ ಉಳಿದವು, ಅದಕ್ಕೂ ಹಿಂದಿನ ಫಾರಸಿ ದಫ್ತರುಗಳಿಂದ ಇಳಿದು ಬಂದವು. ಅವನ್ನು ಪರಕೀಯ ಎಂದು ಕಿತ್ತುಹಾಕಿದರೆ ಈ ಭೇದಗಳೂ ಅವುಗಳ ಜೊತೆಗೇ ಹೋಗುತ್ತವೆ. ಸಣ್ಣ ಕೋಶ ಈ ಹತ್ತು ಮಾತುಗಳನ್ನು ಕೊಟ್ಟು ಪ್ರತಿಯೊಂದಕ್ಕೂ ಒಂದೇ ಒಂದು ವಾಕ್ಯದ ಬಳಕೆಯನ್ನು ಸೇರಿಸಿದರೆ ಸಾಕು, ಅರ್ಧ ಕಚೇರಿಯ ಬಾಗಿಲು ಬಡವನಿಗೆ ತೆರೆಯುತ್ತದೆ ಎಂದು ನಾನು ನಂಬುತ್ತೇನೆ.

ಇದಕ್ಕಿಂತ ಕಠಿಣವಾದ ಉದಾಹರಣೆ ಸಾವಿನದು. ತೀರಿಕೊಂಡರು, ನಿಧನರಾದರು, ಲಿಂಗೈಕ್ಯರಾದರು, ಇಂತಕಾಲ ಆಯಿತು ಇವುಗಳಲ್ಲಿ ಯಾವುದು ಯಾವ ಮನೆಯ ಮಾತು ಎಂಬುದು ಇಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಾಗಿಲ್ಲ. ಗಣಿಯಲ್ಲಿ ಬಂಡೆ ಕುಸಿದು ಒಬ್ಬ ಕೂಲಿಕಾರ ಸತ್ತ ಸುದ್ದಿಯನ್ನು ಬರೆಯಬೇಕೆಂದುಕೊಳ್ಳಿ. ಮೃತಪಟ್ಟ ಎಂದರೆ ಕಚೇರಿಯ ದಾಖಲೆ. ಅಸುನೀಗಿದ ಎಂದರೆ ಬರವಣಿಗೆಯ ಅಲಂಕಾರ, ಆ ಹೊತ್ತಿಗೆ ಒಗ್ಗದ್ದು. ಜೀವ ಕಳೆದುಕೊಂಡ ಎಂದರೆ ಕಳೆದುಕೊಂಡ ಹೊಣೆ ಅವನ ಪಾಲಿಗೇ ಬಂತು. ಬಲಿಯಾದ ಎಂದ ಕೂಡಲೆ ಬಲಿ ಪಡೆದದ್ದು ಏನು, ಯಾರು ಎಂಬ ಪ್ರಶ್ನೆ ಓದುಗನಲ್ಲಿ ಏಳುತ್ತದೆ. ಸತ್ತ ಎಂಬುದು ಎಲ್ಲಕ್ಕಿಂತ ನೇರ, ಆದರೆ ಬಡವರು ಸತ್ತಾಗ ಮಾತ್ರ ಅದನ್ನು ಬಳಸಿ ಸಿರಿವಂತರಿಗೆ ನಿಧನವನ್ನು ಮೀಸಲಿಡುವ ರೂಢಿ ನಮ್ಮ ಬರವಣಿಗೆಯಲ್ಲಿದೆ, ಅದು ಹೋಗಬೇಕು. ಇಷ್ಟು ಮಾತುಗಳು ಎದುರಿಗೆ ಒಟ್ಟಿಗೆ ಕಂಡರೆ ವರದಿಗಾರ ಆರಿಸುತ್ತಾನೆ. ಕಾಣದಿದ್ದರೆ ಅಭ್ಯಾಸವೇ ಅವನ ಪರವಾಗಿ ಆರಿಸಿಬಿಡುತ್ತದೆ.

ಗುಳೆ ಎಂಬ ಮಾತನ್ನೂ ಇಲ್ಲೇ ಹೇಳಬೇಕು. ಚಿಂಚೋಳಿಯ ತಾಂಡಾಗಳಿಂದ, ಸೇಡಂ ಕಡೆಯ ಹಳ್ಳಿಗಳಿಂದ ಜನ ಹೈದರಾಬಾದಿಗೆ, ಪುಣೆ, ಮುಂಬಯಿಗೆ ಸಂಸಾರ ಸಮೇತ ಹೋಗುತ್ತಾರೆ. ಮಳೆಗಾಲಕ್ಕೆ ತಿರುಗಿ ಬರುತ್ತಾರೆ. ವಲಸೆ ಎಂದು ಬರೆದರೆ ತಪ್ಪಲ್ಲ. ಆದರೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ನೆಲೆಸುವ ಇಂಜಿನಿಯರನದೂ ವಲಸೆಯೇ, ಹಕ್ಕಿಗಳದೂ ವಲಸೆಯೇ. ಗುಳೆಯಲ್ಲಿ ಬಾಗಿಲಿಗೆ ಬೀಗ ಹಾಕಿದ ಮನೆ ಇದೆ, ಶಾಲೆ ಬಿಟ್ಟ ಮಕ್ಕಳಿದ್ದಾರೆ, ಮುಂಗಡ ಕೊಟ್ಟು ಕರೆದೊಯ್ಯುವ ಗುತ್ತೇದಾರನಿದ್ದಾನೆ. ಈ ಮಾತಿಲ್ಲದ ಕೋಶವನ್ನು ಹಿಡಿದು ವರದಿ ಬರೆದ ಅಧಿಕಾರಿ ಇದನ್ನೆಲ್ಲ ಬಿಟ್ಟೇ ಬರೆಯುತ್ತಾನೆ. ಅವನ ಮನಸ್ಸು ಕೆಟ್ಟದ್ದಾಗಿರಬೇಕಾಗಿಲ್ಲ.

ಈ ಭಾಗದ ಕಲ್ಲಿನ ಮಾತಿಗೂ ಹೀಗೆಯೇ ಚರಿತ್ರೆ ಇದೆ. ಅಮರಕೋಶ ಕಲ್ಲಿಗೆ ಪಾಷಾಣ, ಉಪಲ, ಶಿಲೆ ಮೊದಲಾಗಿ ಏಳು ಹೆಸರು ಹೇಳುತ್ತದೆ. ಭೀಮಾ ಕೊಳ್ಳದ ಸುಣ್ಣಕಲ್ಲು ಪದರು ಪದರಾಗಿ ಕೂತಿರುವುದರಿಂದ ಹಲಗೆಗಳಾಗಿ ಬಿಚ್ಚಿಕೊಳ್ಳುತ್ತದೆ. ಶಹಾಬಾದಿನಲ್ಲಿ ಅದು ಪರ್ಸಿ. ದೇಶದ ಎಷ್ಟೋ ಊರುಗಳ ಅಂಗಳ, ರೈಲು ನಿಲ್ದಾಣಗಳ ನೆಲ ಆ ಕಲ್ಲಿನವು, ಹೊರಗಿನವರು ಅದನ್ನು ಊರಿನ ಹೆಸರಿನಿಂದಲೇ ಶಹಾಬಾದ ಕಲ್ಲು ಎನ್ನುತ್ತಾರೆ. ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳಿಗೆ ಬಂದರೆ ಅದು ಪರ್ಸಿಯಲ್ಲ, ಸುಣ್ಣಕಲ್ಲು. ಒಡೆದು ಪುಡಿಮಾಡಿ ಸುಡುವ ಕಚ್ಚಾ ಮಾಲು. ಭೂವಿಜ್ಞಾನಿ ಒಂದೇ ಬಗೆಯ ಕಲ್ಲು ಎಂದರೆ ಅವನ ಮಟ್ಟಿಗೆ ಸರಿ. ದುಡಿಯುವವರ ಪಾಲಿಗೆ ಎರಡು ಕಲ್ಲು, ಎರಡು ಕಸುಬು, ಎರಡು ಕೂಲಿ. ಚಪ್ಪಡಿ, ಹಾಸುಗಲ್ಲು ಎಂಬ ಗ್ರಂಥದ ಪದಗಳು ಪರ್ಸಿಗೆ ಹತ್ತಿರ ಬರುತ್ತವೆ, ಅದೇ ಆಗುವುದಿಲ್ಲ. ಪಾಷಾಣವಂತೂ ಆಡುಮಾತಿನಲ್ಲಿ ವಿಷದ ಹೆಸರಾಗಿ ಹೋಗಿದೆ. ಹಾಗಿರುವಾಗ ಕಲ್ಲಿನ ಕೆಳಗೆ ಉಪಲವನ್ನು ಅಚ್ಚುಹಾಕಿ ಪರ್ಸಿಯನ್ನು ಬಿಡುವ ಕೋಶ ಯಾವ ಕನ್ನಡದ ಕೋಶ ಎಂದು ಕೇಳದೆ ಇರಲಾಗದು.

ನನ್ನ ಮಾತಿಗೆ ಬರಬಹುದಾದ ಆಕ್ಷೇಪಗಳಲ್ಲಿ ಮೊದಲನೆಯದು ಸಾಹಿತಿಗಳಿಂದ ಬರುತ್ತದೆ: ಒಳ್ಳೆಯ ಬರಹಗಾರನಿಗೆ ಕೋಶ ಬೇಡ; ಕೋಶ ಹಿಡಿದು ಬರೆದವರ ಬರಹ ಉಬ್ಬುತ್ತದೆ. ಉಬ್ಬುವುದು ನಿಜ. ಎಮ್ಮೆಗೆ ನೀರು ಕುಡಿಸಿದರು ಎಂದು ಬರೆಯಬೇಕಾದ ಹುಡುಗ, ನೀರು ಎರಡು ಸಲ ಬಂತೆಂದು ಹೆದರಿ, ಎಮ್ಮೆಗೆ ಜಲ ಕುಡಿಸುತ್ತಾನೆ. ಆದರೆ ಇಲ್ಲಿ ತಪ್ಪಿದ್ದು ಕೋಶ ಇದ್ದದ್ದಲ್ಲ, ಕೋಶವನ್ನು ಬದಲಿ ಮಾಲಿನ ಅಂಗಡಿ ಎಂದು ತಿಳಿದದ್ದು. ಒಂದೇ ಪದ ಮರಳಿ ಬರಬಾರದು ಎಂಬ ಶಾಲೆಯ ಪಾಠವನ್ನು ಮೊದಲು ಬಿಡಬೇಕು. ನೀರು ಹತ್ತು ಸಲ ಬೇಕಾದರೆ ಹತ್ತು ಸಲ ಬರಲಿ. ಬರೆಯುವವರು ಮೊದಲು ಬಾಯಿಗೆ ಬಂದ ಸಾದಾ ಮಾತನ್ನೇ ಹಾಕಿ ವಾಕ್ಯವನ್ನು ಮುಗಿಸಬೇಕು. ಆ ಮಾತು ಎಲ್ಲೋ ಸಡಿಲವಾಗಿದೆ ಎನ್ನಿಸಿದರೆ ಮಾತ್ರ ಕೋಶ ತೆರೆಯಬೇಕು. ತೆರೆದಾಗ ಕಣ್ಣಿಗೆ ಬಿದ್ದ ಪಟ್ಟಿಯಲ್ಲಿ ತಾನು ಎಂದಾದರೂ ಕೇಳಿದ, ಆಡಿದ, ಓದಿದ ಮಾತನ್ನು ಮಾತ್ರ ತೆಗೆದುಕೊಳ್ಳಬೇಕು; ಹಿಂದೆಂದೂ ಕಾಣದ ಮಾತು ಎಷ್ಟೇ ಚಂದ ಕಂಡರೂ ಮುಟ್ಟಬಾರದು. ಕೊನೆಗೆ ಆ ವಾಕ್ಯವನ್ನು ಗಟ್ಟಿಯಾಗಿ ಓದಿ, ಇದನ್ನು ಯಾರು ಯಾರಿಗೆ ಹೇಳುತ್ತಾರೆ ಎಂದು ಕೇಳಿಕೊಳ್ಳಬೇಕು. ನೋಡಿದ ಕೂಡಲೆ ಗುರುತು ಹಿಡಿಯುವ ಶಕ್ತಿ ನಮ್ಮಲ್ಲಿ ಬಹಳ, ಬೇಕೆಂದಾಗ ನೆನಪಿಗೆ ತಂದುಕೊಳ್ಳುವ ಶಕ್ತಿ ಕಡಿಮೆ. ಈ ಎರಡರ ನಡುವಿನ ಕಂದರಕ್ಕೆ ಕೋಶ ಸೇತುವೆ. ಹಿಂದಿನ ಕವಿಗಳು ಕಾವ್ಯಕ್ಕೆ ಕೈಹಾಕುವ ಮೊದಲು ಕೋಶವನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅವರು ಒಳ್ಳೆಯ ಬರಹಗಾರರಲ್ಲ ಎನ್ನುವ ಧೈರ್ಯ ಯಾರಿಗಿದೆ?

ಎರಡನೆಯ ಆಕ್ಷೇಪ ಭಾರವಾದದ್ದು, ಅದಕ್ಕೆ ಆಧಾರ ಒದಗಿಸಿದ್ದು ಸ್ವತಃ ಕವಿರಾಜಮಾರ್ಗ. ಕನ್ನಡಕ್ಕೆ ಒಂದು ಶಿಷ್ಟ ರೂಪ ಬೇಕು, ಊರೂರಿನ ಮಾತನ್ನು ಕೋಶಕ್ಕೆ ತಂದರೆ ಮೈಸೂರಿನವರಿಗೆ ಸೇಡಂ ಬರಹ ಅರ್ಥವಾಗದು ಎಂಬುದು ಆ ಆಕ್ಷೇಪ. ಮಾನ್ಯಖೇಟದ ಆಸ್ಥಾನದಲ್ಲಿ ಕೂತು ಬರೆದ ಆ ಗ್ರಂಥ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೇಳುವ ನಾಲ್ಕು ಊರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಅಂದರೆ ಈಗಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ರಾಜಧಾನಿಯೇ ಆ ಚೌಕದ ಹೊರಗೆ ಉಳಿಯಿತು. ಹಾಗಾದರೆ ಮಳಖೇಡದ ಕನ್ನಡಕ್ಕೆ ತಿರುಳಿನ ಮಾನ್ಯತೆ ಶ್ರೀವಿಜಯನೇ ಕೊಡಲಿಲ್ಲವಲ್ಲ? ಕೊಡಲಿಲ್ಲ, ಒಪ್ಪುತ್ತೇನೆ. ಆದರೆ ಅದೇ ಗ್ರಂಥ ಕನ್ನಡದ ಬಗೆಗಳು ಎಷ್ಟು ಎಂದರೆ ಸಾವಿರ ನಾಲಿಗೆಯ ವಾಸುಕಿಗೂ ತಿಳಿದು ಮುಗಿಯವು ಎಂಬ ಅರ್ಥದ ಮಾತನ್ನೂ ಆಡುತ್ತದೆ. ಓದು ಕಲಿಯದ ಜನ ಕೂಡ ಈ ನಾಡಿನಲ್ಲಿ ಕಾವ್ಯದ ಬಳಕೆಯನ್ನು ಬಲ್ಲರು ಎನ್ನುತ್ತದೆ. ಬಳಕೆ ತಪ್ಪಿದ ಹಳೆಯ ಮಾತನ್ನು ಹೊಸ ಕಾವ್ಯದಲ್ಲಿ ತುರುಕಬೇಡಿ ಎಂದು ಎಚ್ಚರಿಸುತ್ತದೆ. ಕನ್ನಡದೊಡನೆ ಸಂಸ್ಕೃತವನ್ನು ಸಮಾಸ ಮಾಡುವಾಗ ಹೊಂದುವುದು ಯಾವುದು, ಹೊಂದದ್ದು ಯಾವುದು ಎಂದು ತಾಳ್ಮೆಯಿಂದ ಬಿಡಿಸುತ್ತದೆ. ತಿರುಳ್ಗನ್ನಡ ಶ್ರೀವಿಜಯನಿಗೆ ಕಾವ್ಯಭಾಷೆಯ ಅಳತೆಗೋಲು. ಉಳಿದ ಕನ್ನಡಗಳನ್ನು ಅಳಿಸುವ ಕತ್ತರಿಯಲ್ಲ. ಇವತ್ತಿನ ಅರ್ಜಿ, ಸುದ್ದಿ, ಠರಾವುಗಳಿಗೆ ಕಾವ್ಯದ ಅಳತೆಗೋಲನ್ನು ಹಿಡಿಯುವುದೂ ನ್ಯಾಯವಲ್ಲ. ಅರ್ಥವಾಗದು ಎಂಬ ಭಯದ ಬಗ್ಗೆ ಹೇಳುವುದಾದರೆ, ಗುಳೆ ಎಂಬ ಮಾತನ್ನು ಇವತ್ತು ಇಡೀ ಕರ್ನಾಟಕ ಪತ್ರಿಕೆಗಳಲ್ಲಿ ಓದಿ ತಿಳಿದುಕೊಂಡಿದೆ. ಬರೆದರೆ ತಿಳಿಯುತ್ತದೆ, ಬರೆಯದಿದ್ದರೆ ತಿಳಿಯುವ ದಾರಿಯೇ ಇಲ್ಲ.

ಇದರ ಬೆನ್ನಿಗೇ ಶುದ್ಧಿಯ ವಾದ ಬರುತ್ತದೆ: ಈ ಭಾಗದ ಕನ್ನಡ ಉರ್ದು, ತೆಲುಗು, ಮರಾಠಿಗಳೊಡನೆ ಕಲೆತದ್ದು, ಕೋಶಕ್ಕೆ ತಕ್ಕದ್ದಲ್ಲ ಎಂದು. ಇದಕ್ಕೆ ನನ್ನ ಉತ್ತರ ಚಿಕ್ಕದು. ಚಿತ್ತಾಪುರ ತಾಲ್ಲೂಕಿನ ಸನ್ನತಿ, ಕನಗನಹಳ್ಳಿಗಳ ಕಲ್ಲುಗಳ ಮೇಲಿರುವುದು ಪ್ರಾಕೃತ. ಮಾನ್ಯಖೇಟದಲ್ಲಿ ಪುಷ್ಪದಂತ ಅಪಭ್ರಂಶದಲ್ಲಿ ಮಹಾಪುರಾಣ ಬರೆದ, ಪೊನ್ನ ಕನ್ನಡದಲ್ಲಿ ಬರೆದ, ಹಲಾಯುಧ ಸಂಸ್ಕೃತದಲ್ಲಿ ಬರೆದ. ಮೂವರಿಗೂ ಆಶ್ರಯ ರಾಷ್ಟ್ರಕೂಟರ ರಾಜಧಾನಿಯೇ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದ ಮೇಲೆ ಅದರ ಜೊತೆ ಇನ್ನಷ್ಟು ಮಾತುಗಳು ಇಳಿದವು. ಎರಡು ಸಾವಿರ ವರ್ಷದಿಂದ ಈ ನೆಲದಲ್ಲಿ ಒಂದೇ ಭಾಷೆ ಒಂಟಿಯಾಗಿ ಇದ್ದ ಕಾಲ ಕಾಣುವುದಿಲ್ಲ. ಕಲೆಯದ ಕನ್ನಡವನ್ನು ಇಲ್ಲಿ ಹುಡುಕುವವರು ಇಲ್ಲದ್ದನ್ನು ಹುಡುಕುತ್ತಿದ್ದಾರೆ.

ಮೂರನೆಯ ಆಕ್ಷೇಪ ಎಳೆಯರದು. ಮೊಬೈಲಿನಲ್ಲಿ ಬೆರಳಾಡಿಸಿದರೆ ಪದ ಬರುತ್ತದೆ, ಪುಸ್ತಕ ಏಕೆ? ಕೋಶ ಮೊಬೈಲಿನಲ್ಲೇ ಇರಲಿ, ನನ್ನ ತಕರಾರಿಲ್ಲ. ಕಿಸೆಯಲ್ಲಿ ಈಗ ಇರುವುದು ಅದೇ ತಾನೆ. ಆದರೆ ಯಂತ್ರ ತೋರಿಸುವುದು ಯಾರೋ ಮೊದಲೇ ಬರೆದು ಅದಕ್ಕೆ ಉಣಿಸಿದ ಮಾತುಗಳನ್ನು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದು ಊರುಗಳ ಮಾತು ಬರಹಕ್ಕೆ ಇಳಿದದ್ದೇ ಕಡಿಮೆಯಾದ್ದರಿಂದ ಯಂತ್ರಕ್ಕೂ ಅದು ಗೊತ್ತಿಲ್ಲ. ಆರಿಸುವ, ಭೇದ ಹೇಳುವ, ಬಳಕೆಯ ವಾಕ್ಯ ಕೊಡುವ ಕೆಲಸವನ್ನು ಮನುಷ್ಯರೇ ಒಮ್ಮೆ ಕೂತು ಮಾಡಬೇಕು, ಆಮೇಲೆ ಅದು ಕಾಗದದ ಮೇಲೆ ಬರಲಿ, ಗಾಜಿನ ಮೇಲೆ ಬರಲಿ.

ಎಲ್ಲ ಸೀಮೆಗಳ ಮಾತು ಸೇರಿದರೆ ಕೋಶ ಕಿಸೆಯಲ್ಲಿ ಹಿಡಿಯುವುದೇ ಎಂಬುದು ಕೊನೆಯ ಪ್ರಶ್ನೆ, ಪ್ರಾಮಾಣಿಕವಾದ ಪ್ರಶ್ನೆ. ಇದಕ್ಕೆ ಜೈನಕವಿ ಧನಂಜಯನ ನಾಮಮಾಲೆ ಒಂದು ಪಾಠ, ಒಂದು ಎಚ್ಚರಿಕೆ. ಇನ್ನೂರು ಚಿಲ್ಲರೆ ಶ್ಲೋಕಗಳಲ್ಲಿ ಅವನು ಅಷ್ಟೊಂದು ಪದ ತುಂಬಿದ್ದು ಒಂದು ಉಪಾಯದಿಂದ: ಭೂಮಿಯ ಹೆಸರುಗಳಿಗೆ ಧರ ಸೇರಿಸಿದರೆ ಬೆಟ್ಟ, ಪತಿ ಸೇರಿಸಿದರೆ ರಾಜ, ನೀರಿನ ಹೆಸರುಗಳಿಗೆ ದ ಸೇರಿಸಿದರೆ ಮೋಡ, ಜ ಸೇರಿಸಿದರೆ ಕಮಲ. ಸೂತ್ರ ತಿಳಿದವನಿಗೆ ಪಟ್ಟಿ ಬೇಡ. ಇದರಿಂದ ನಾವು ಕಲಿಯಬೇಕಾದದ್ದು, ಸೂತ್ರದಿಂದ ತಾನಾಗಿ ಹುಟ್ಟುವ ಪದಗಳಿಗೆ ಕಿಸೆಯ ಕೋಶದಲ್ಲಿ ಜಾಗ ವ್ಯರ್ಥ ಮಾಡಬಾರದು ಎಂಬುದನ್ನು. ಕಮಲಕ್ಕೆ ಇಪ್ಪತ್ತು ಹೆಸರು, ಸೂರ್ಯನಿಗೆ ಮೂವತ್ತು ಹೆಸರು ಇಂದಿನ ಬರಹಗಾರನಿಗೆ ಬೇಡ. ಅವನ್ನು ತೆಗೆದರೆ ಎಷ್ಟೋ ಪುಟ ತೆರವಾಗುತ್ತದೆ. ಎಚ್ಚರಿಕೆ ಎಂದದ್ದು ಏಕೆಂದರೆ, ಹೀಗೆ ಅಚ್ಚಿನಿಂದ ತೆಗೆದ ಪದಗಳಲ್ಲಿ ಭೇದ ಇರುವುದಿಲ್ಲ. ಛಂದಸ್ಸಿಗೆ ಒದಗುತ್ತವೆ, ಮಾತಿಗೆ ಒದಗುವುದಿಲ್ಲ. ಬದುಕಿನಿಂದ ಬಂದ ಪದಗಳು ಎಣಿಕೆಯಲ್ಲಿ ಕಡಿಮೆ, ಪ್ರತಿಯೊಂದಕ್ಕೂ ತನ್ನದೇ ಕೆಲಸ ಇರುತ್ತದೆ. ಹೊಲ ಮತ್ತು ಗದ್ದೆ ಸಮಾನಾರ್ಥಕ ಎಂದು ಕೆಲವು ಪಠ್ಯಪೂರಕ ಪುಸ್ತಕಗಳು ಬರೆಯುತ್ತವೆ. ತೊಗರಿ, ಜೋಳದ ಸೀಮೆಯ ಮಗು ಅದನ್ನು ಓದಿ ತನ್ನ ಅಪ್ಪನ ಹೊಲವನ್ನು ಗದ್ದೆ ಎಂದು ಬರೆದರೆ ಅಂಕ ಸಿಗುತ್ತದೆ, ಸತ್ಯ ತಪ್ಪುತ್ತದೆ.

ಕೆಲಸ ಎಲ್ಲಿಂದ ಶುರುಮಾಡಬೇಕು ಎಂದರೆ, ವರ್ಗಗಳಿಂದ. ನೆಲ ಮತ್ತು ಮಳೆ, ಬೆಳೆ ಮತ್ತು ದನಕರು, ಕಲ್ಲು ಮತ್ತು ಗಣಿ, ಕಚೇರಿ ಮತ್ತು ಕೋರ್ಟು, ಸಾವು ಮತ್ತು ನಂಟು, ಸಿಟ್ಟು, ಹಟ, ಒಪ್ಪಿಗೆ, ಸಂದೇಹ ಮೊದಲಾದ ಮನಸ್ಸಿನ ಮಾತುಗಳು; ಧನಪಾಲನ ಹಾಗೆ ಸಾವಿರ ಪದಗಳಿಗೆ ಗಡಿ ಹಾಕಿಕೊಂಡರೆ ಮೊದಲ ಆವೃತ್ತಿಗೆ ಸಾಕು. ಕಲ್ಲಿನ ವರ್ಗಕ್ಕೆ ಶಹಾಬಾದಿನಲ್ಲಿ ಪರ್ಸಿ ಕಡಿದು ಕೈ ಪಳಗಿದವರನ್ನು ಕೇಳಬೇಕು. ಅವರಲ್ಲಿ ಅನೇಕರಿಗೆ ವಯಸ್ಸಾಗಿದೆ, ಕೈಯಿಂದ ಕಡಿಯುವ ಕೆಲಸ ಯಂತ್ರಕ್ಕೆ ಹೋಗುತ್ತಿದೆ, ಆದ್ದರಿಂದ ಅದನ್ನೇ ಎಲ್ಲಕ್ಕಿಂತ ಮೊದಲು ಮಾಡಬೇಕು. ಕಾಡಿನ ಗಿಡಮರಗಳಿಗೆ ಚಿಂಚೋಳಿಯ ಕುಂಚಾವರಂ ಕಡೆಯವರನ್ನು, ಕಚೇರಿ ಮಾತಿಗೆ ತಹಸೀಲು ಕಚೇರಿಯ ಮುಂದೆ ಕೂತು ಅರ್ಜಿ ಬರೆದುಕೊಡುವವರನ್ನು ಕೇಳಬೇಕು. ಕೇಳಿ ಬರೆದುಕೊಂಡ ಪ್ರತಿ ಮಾತಿನ ಪಕ್ಕದಲ್ಲಿ ಅದನ್ನು ಆಡುವ ಊರಿನ ಹೆಸರು, ಆಡಿದ ಒಂದು ವಾಕ್ಯ, ಅದನ್ನು ಹೋಲುವ ಮಾತಿಗೂ ಇದಕ್ಕೂ ಇರುವ ಅಂತರ, ಇಷ್ಟು ಇರಲಿ. ಈ ಐದು ಊರುಗಳ ಪ್ರೌಢಶಾಲೆಗಳ ಕನ್ನಡ ಶಿಕ್ಷಕರು ಒಂದೊಂದು ವರ್ಗವನ್ನು ಹಂಚಿಕೊಂಡರೆ ಕರಡು ಸಿದ್ಧವಾಗಲು ಬಹಳ ಕಾಲ ಬೇಡ. ತಿದ್ದುವವರು ಬೇರೆ ಸೀಮೆಯವರಾಗಿರಲಿ. ಒಂದು ಮಾತು ಎಲ್ಲಿ ಅರ್ಥವಾಗದೆ ನಿಲ್ಲುತ್ತದೆ ಎಂದು ಹೊರಗಿನ ಓದುಗರೇ ಸರಿಯಾಗಿ ತೋರಿಸಬಲ್ಲರು, ಅಲ್ಲಲ್ಲಿ ಇನ್ನೊಂದು ವಾಕ್ಯ ಸೇರಿಸಿಕೊಂಡರಾಯಿತು.